ಜನರಲ್ ಲೀ ಸಹಿ ಹುಡುಕಿಕೊಂಡು ಆರ್ಕೈವ್ಸ್ ಜಾಲತಾಣಕ್ಕೆ

ಹಳೇ ಸಹಿಗಳ ಹುಚ್ಚು ಇರುವವರಿಗೆ ಅಮೆರಿಕ ಸರ್ಕಾರದ ಹಳೇ ದಾಖಲೆಗಳನ್ನು ಕಾಪಾಡುವ ನ್ಯಾಷನಲ್ ಆರ್ಕೈವ್ಸ್‌ನ ಜಾಲತಾಣ ನೋಡಿ ಅಂತ ಧೈರ್ಯವಾಗಿ ಹೇಳುತ್ತೇನೆ. ನನಗೆ ಬೇಕಿದ್ದದ್ದು ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟದ ವಿರುದ್ಧ ಹೋರಾಡಿದ ಜನರಲ್ ರಾಬರ್ಟ್ ಇ. ಲೀ ಸಹಿ. ಮುಂಚೆ ಬೇರೊಂದು ಕಡೆ ದುಡ್ಡು ಕೊಟ್ಟು ಅದರ ಪ್ರತಿ ತರಿಸಿಕೊಂಡಿದ್ದೆ. ಬಂದದ್ದು ಯಾವುದೋ ಪತ್ರದಿಂದ ಕತ್ತರಿಸಿದ ಬೆರಳುದ್ದದ ಚೂರಿನ ಚಿತ್ರ. ಯಾರಿಗೆ ಬರೆದದ್ದು, ಯಾವಾಗ, ಏನೂ ಇಲ್ಲ. 19ನೇ ಶತಮಾನದಲ್ಲಿ ಸಹಿ ಕೂಡಿಡುವವರು ಹೀಗೆ ಕತ್ತರಿ ಹಾಕುವುದು ಮಾಮೂಲಾಗಿತ್ತಂತೆ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಇಲ್ಲಿ ಪೂರ್ತಿ ಹಾಳೆಯೇ ಸಿಗುತ್ತದೆ, ಅದೂ ಪುಕ್ಕಟೆ. ಮೊದಲು ಅಮೆರಿಕದ ಸೇನೆಗೆ ಲೀ ಕೊಟ್ಟ 1861ರ ಏಪ್ರಿಲ್ 20ರ ರಾಜೀನಾಮೆ ಪತ್ರ ನೋಡಿ. ಸಹಿಯ ಕೆಳಗೆ ಕುದುರೆ ಪಡೆಯ ಕರ್ನಲ್ ಅಂತ ಹುದ್ದೆಯೂ ಇದೆ. ಆಮೇಲೆ 1865ರ ಅಕ್ಟೋಬರ್ 2ರ ನಿಷ್ಠೆಯ ಪ್ರಮಾಣವಚನದ ಹಾಳೆ ತೆರೆಯಿರಿ. ನಾನು ಜಾಸ್ತಿ ಹೊತ್ತು ಕೂತದ್ದು ಇದರ ಮುಂದೆ. ಯುದ್ಧದಲ್ಲಿ ಸೋತು ಆ ವರ್ಷದ ಏಪ್ರಿಲ್‌ನಲ್ಲಿ ಶರಣಾಗಿ, ಜೂನ್‌ನಲ್ಲಿ ಕ್ಷಮಾದಾನಕ್ಕೆ ಅರ್ಜಿ ಹಾಕಿದ್ದ ಲೀ, ಒಂದು ಕಾಲೇಜಿನ ಅಧ್ಯಕ್ಷನಾಗಿ ಅಧಿಕಾರ ವಹಿಸಿಕೊಂಡ ದಿನವೇ ಇದಕ್ಕೆ ಸಹಿ ಹಾಕಿದ. ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ಗುಲಾಮರ ಬಿಡುಗಡೆಯ ಕಾನೂನುಗಳನ್ನು ಪಾಲಿಸುತ್ತೇನೆ ಅನ್ನುವ ಮಾತು ಅದರಲ್ಲಿದೆ. ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಹೊರನಡೆದ ರಾಜ್ಯಗಳ ಸೇನೆ ನಡೆಸಿದವನ ಹೆಸರು, ಆ ಮಾತಿನ ಕೆಳಗೆ! ಬರೀ ಸಹಿ ಕತ್ತರಿಸಿಟ್ಟಿದ್ದರೆ ಇದೆಲ್ಲ ಎಲ್ಲಿ ಗೊತ್ತಾಗಬೇಕು, ಅಲ್ವಾ?

ಈ ಹಾಳೆ ವಿದೇಶಾಂಗ ಇಲಾಖೆಯ ಕಡತಗಳಲ್ಲಿ ನೂರು ವರ್ಷಕ್ಕೂ ಜಾಸ್ತಿ ಯಾರ ಕಣ್ಣಿಗೂ ಬೀಳದೆ ಬಿದ್ದಿತ್ತು. ಆರ್ಕೈವ್ಸ್‌ನಲ್ಲಿ ಕೆಲಸ ಮಾಡುವವರೇ 1970ರಲ್ಲಿ ಅದನ್ನು ಪತ್ತೆ ಹಚ್ಚಿದರು. ಲೀ ತೀರಿಕೊಂಡದ್ದು 1870ರಲ್ಲಿ. ಯುದ್ಧದಿಂದಾಗಿ ಅವನು ಕಳೆದುಕೊಂಡಿದ್ದ ಪೌರತ್ವದ ಹಕ್ಕುಗಳನ್ನು ವಾಪಸ್ ಕೊಡುವ ನಿರ್ಣಯಕ್ಕೆ ಅಮೆರಿಕದ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ್ದು 1975ರಲ್ಲಿ. ಒಂದು ಕಾಗದ ಸಿಕ್ಕಿದ್ದರಿಂದ ಎಷ್ಟೆಲ್ಲ ಆಯಿತು ನೋಡಿ. ಹಳೇ ಕಡತಗಳನ್ನು ತಾಳ್ಮೆಯಿಂದ ಒಂದೊಂದಾಗಿ ತಿರುವಿ ಹಾಕುವವರ ಮೇಲೆ ನನಗೆ ತುಂಬಾ ಗೌರವ.

ಹುಡುಕುವಾಗ ಸುಮ್ನೆ ಹೆಸರೊಂದನ್ನೇ ಹಾಕಬೇಡಿ, ದಾಖಲೆಗಳ ರಾಶಿಯೇ ಬಂದುಬಿಡುತ್ತದೆ. ಇಸವಿಯನ್ನೂ ಸೇರಿಸಿ. ಮೊಬೈಲಿಗಿಂತ ದೊಡ್ಡ ಪರದೆ ಇದ್ದರೆ ಒಳ್ಳೆಯದು. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಸಹಿ ಇರುವ ಮೂಲೆಯನ್ನು ದೊಡ್ಡದು ಮಾಡಿ ನೋಡಿ. ಮೊದಲನೆಯದರಲ್ಲಿ ಹುದ್ದೆ ಇದೆ, ಎರಡನೆಯದರಲ್ಲಿ ಹೆಸರು ಮಾತ್ರ.