ಮೂಳೆ ಮೇಲೆ ಒಂದು, ಮಾಂಸದ ಮೇಲೆ ಒಂದು: ನನ್ನ ಸೊಂಟದ ಎರಡು ಟ್ಯಾಟೂ
ನನ್ನ ಸೊಂಟದಲ್ಲಿ ಎರಡು ಟ್ಯಾಟೂ ಇವೆ. ಎಡಗಡೆಯದು ಸರಿಯಾಗಿ ಮೂಳೆಯ ಏಣಿನ ಮೇಲೆ ಕೂತಿದೆ, ಬರೀ ಗೆರೆಯಲ್ಲಿ ಬರೆದ ಸಣ್ಣ ಬಳ್ಳಿ. ಬಲಗಡೆಯದು ಮೂಳೆಗಿಂತ ನಾಲ್ಕು ಬೆರಳು ಕೆಳಗೆ, ತೊಡೆ ಶುರುವಾಗುವ ಮೆತ್ತನೆ ಜಾಗದಲ್ಲಿ, ಶೇಡಿಂಗ್ ತುಂಬಿದ ದೊಡ್ಡ ಹೂವು. ಎರಡರ ನಡುವೆ ಒಂದು ವರ್ಷದ ಅಂತರ. ಹಾಕಿದ ಕೈ ಒಂದೇ, ಮೈಯೂ ಒಂದೇ, ಆದರೂ ಅನುಭವ ಮಾತ್ರ ಅಜಗಜಾಂತರ. ಹಾಗಾಗಿ ಸೊಂಟಕ್ಕೆ ಹಾಕಿಸಿದರೆ ಎಷ್ಟು ನೋಯುತ್ತದೆ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಹಾಕುತ್ತೇನೆ. ಸೊಂಟ ಅಂದರೆ ಎಲ್ಲಿ? ದಿನಾ ತೊಡುವ ಬಟ್ಟೆ ಯಾವುದು?

ಮೊದಲು ನೋವು. ಸೂಜಿ ಇಳಿಯುವುದು ಒಂದೆರಡು ಮಿಲಿಮೀಟರ್ ಅಷ್ಟೇ, ಮೂಳೆಯ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಮೂಳೆಯ ಏಣಿನ ಮೇಲೆ ಚರ್ಮದ ಕೆಳಗೆ ಮೆತ್ತೆ ಅನ್ನುವುದೇ ಇಲ್ಲ, ಅಲ್ವಾ, ಮಷಿನ್ ಅದುರುವುದು ನೇರ ಮೂಳೆಗೆ ಬಡಿದು ಬೆನ್ನಿನವರೆಗೂ ಗುಂಯ್ ಅನ್ನುತ್ತದೆ. ನನಗೆ ನೋವಿಗಿಂತ ಆ ಗುಂಯ್ ಕಷ್ಟವಾಯಿತು. ಹೊಟ್ಟೆಯ ಕಡೆಗೆ ಬಂದಾಗ ಕಚಗುಳಿ ಬೇರೆ, ಕಾಲು ತಾನಾಗಿಯೇ ಎಗರುತ್ತಿತ್ತು. ಗೆರೆ ಎಳೆಯುವಾಗ ಉಸಿರು ಬಿಗಿ ಹಿಡಿಯಬೇಡಿ, ನಿಧಾನಕ್ಕೆ ಹೊರಗೆ ಬಿಡಿ ಅಂದರು ಟ್ಯಾಟೂ ಹಾಕುವವರು. ಅದು ನಿಜಕ್ಕೂ ಕೆಲಸ ಮಾಡಿತು. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು.

ಬಲಗಡೆ ಶುರುವಿನಲ್ಲಿ "ಇಷ್ಟೇನಾ" ಅನ್ನಿಸಿತು. ಅರ್ಧ ಗಂಟೆ ಆರಾಮಾಗಿ ಹರಟೆ ಹೊಡೆದೆ. ಆಮೇಲೆ ಶೇಡಿಂಗ್. ಒಂದೇ ಜಾಗದ ಮೇಲೆ ಸೂಜಿ ಮತ್ತೆ ಮತ್ತೆ ಓಡಾಡುತ್ತದೆ, ನಡುನಡುವೆ ಒದ್ದೆ ಟಿಶ್ಯೂ ಹಾಕಿ ಒರೆಸುತ್ತಾರೆ, ಆ ಒರೆಸುವುದಕ್ಕೇ ಹಲ್ಲು ಕಚ್ಚಬೇಕಾಯಿತು. ಮೂರನೇ ಗಂಟೆಯಲ್ಲಿ ನನ್ನ ಮುಖ ನೋಡಿದವರು ಇದನ್ನು ಸುಲಭದ ಜಾಗ ಅನ್ನಲಾರರು. ಮೂಳೆಯ ಮುಕ್ಕಾಲು ಗಂಟೆ ಬೇಕಾ, ಮಾಂಸದ ಮೂರು ಗಂಟೆ ಬೇಕಾ ಅಂದರೆ ನಾನು ಮೂಳೆ ಅನ್ನುತ್ತೇನೆ. ಎರಡೂ ದಿನ ಹೊಟ್ಟೆ ತುಂಬ ಊಟ ಮಾಡಿಕೊಂಡೇ ಹೋಗಿದ್ದೆ, ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆ ಸುತ್ತಬಹುದು.

ಸ್ಟೆನ್ಸಿಲ್, ಅಂದರೆ ಸೂಜಿ ಹಿಡಿಯುವ ಮೊದಲು ಚರ್ಮಕ್ಕೆ ಅಂಟಿಸಿ ಮೂಡಿಸುವ ಚಿತ್ರದ ಅಚ್ಚು, ಅದರ ವಿಷಯದಲ್ಲಿ ಸ್ವಲ್ಪ ಹಟ ಮಾಡಿ. ಮಲಗಿದಾಗ ಸೊಂಟದ ಚರ್ಮ ಒಂದು ಕಡೆಗೆ ಜಾರುತ್ತದೆ. ಎಡಗಡೆ ಮೊದಲ ಸಲ ಮಲಗಿಸಿ ಅಂಟಿಸಿದ್ದರು, ಎದ್ದು ಕನ್ನಡಿ ನೋಡಿದರೆ ಬಳ್ಳಿ ವಾಲಿಕೊಂಡಿತ್ತು! ಅಳಿಸಿ, ನಿಂತುಕೊಂಡೇ ಮತ್ತೆ ಅಂಟಿಸಿಕೊಂಡೆ. ಬಲಗಡೆ ಕೂತೂ ನೋಡಿದೆ, ಯಾಕೆಂದರೆ ಮಾಂಸದ ಜಾಗ ಕೂತರೆ ಮಡಚುತ್ತದೆ. ಹೂವಿನ ನೇರ ತೊಟ್ಟು ಕೂತಾಗ ಈಗಲೂ ಸ್ವಲ್ಪ ಸೊಟ್ಟಗಾಗುತ್ತದೆ, ಇರಲಿ ಬಿಡಿ. ಮೈ ದಪ್ಪ ಸಣ್ಣ ಆದರೆ ಆಕಾರ ಬದಲಾಗುವ ಸಾಧ್ಯತೆಯೂ ಈ ಕಡೆಗೇ ಜಾಸ್ತಿ.

ಇಷ್ಟೂ ಒಂದು ತೂಕವಾದರೆ, ಮನೆಗೆ ಬಂದಮೇಲಿನ ಎರಡು ವಾರ ಇನ್ನೊಂದು ತೂಕ. ಸೊಂಟದ ಟ್ಯಾಟೂವಿನ ನಿಜವಾದ ಶತ್ರು ಸೂಜಿಯಲ್ಲ, ಪ್ಯಾಂಟಿನ ಪಟ್ಟಿ.

ಎಡಗಡೆಯದನ್ನು ಹಳೇ ಕ್ರಮದಲ್ಲಿ ನೋಡಿಕೊಂಡೆ. ವಾಸನೆಯಿಲ್ಲದ ಸೋಪಿನಲ್ಲಿ ದಿನಕ್ಕೆ ಎರಡು ಸಲ ತೊಳೆದು, ಒತ್ತಿ ಒರೆಸಿ, ತೆಳ್ಳಗೆ ಮುಲಾಮು. ಕೈಗೋ ಕಾಲಿಗೋ ಆಗಿದ್ದರೆ ಇಷ್ಟು ಸಾಕಿತ್ತೇನೋ. ಆದರೆ ನಾಲ್ಕನೇ ದಿನ ಟೈಟ್ ಜೀನ್ಸ್ ಹಾಕಿಕೊಂಡು ಹೊರಗೆ ಹೋದೆ. ತಪ್ಪು ನನ್ನದೇ. ಸಂಜೆ ಹೊತ್ತಿಗೆ ಪಟ್ಟಿ ಉಜ್ಜಿದ ಕಡೆ ಹಕ್ಕಳೆ ಎದ್ದು ಬಂದಿತ್ತು, ಅದರ ಜೊತೆ ಬಣ್ಣವೂ. ಇನ್ನೊಂದು ಬೆಳಗ್ಗೆ ಹಾಸಿಗೆ ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು, ಪುಣ್ಯಕ್ಕೆ ಎಳೆಯದೆ ನೀರು ಹಾಕಿ ನೆನೆಸಿ ಬಿಡಿಸಿದೆ.

ಬಲಗಡೆ ಅಂಟುವ ಪಾರದರ್ಶಕ ಫಿಲ್ಮ್ ಹಾಕಿದರು. ಮೊದಲ ತುಂಡಿನ ಕೆಳಗೆ ರಕ್ತ, ನೀರು, ಇಂಕು ಎಲ್ಲ ಸೇರಿ ಕಪ್ಪು ಚೀಲದ ಹಾಗೆ ಉಬ್ಬಿತು. ನೋಡಿ ಗಾಬರಿಯಾದೆ, ಅದು ಮಾಮೂಲಂತೆ. ಮಾರನೇ ದಿನ ತೆಗೆದು, ತೊಳೆದು, ಒಣಗಿಸಿ ಎರಡನೆಯದನ್ನು ಹಾಕಿದೆ, ಅದು ನಾಲ್ಕು ದಿನ ಇತ್ತು. ಬಟ್ಟೆ ಉಜ್ಜಲಿಲ್ಲ, ಹಾಸಿಗೆ ಅಂಟಲಿಲ್ಲ, ದಪ್ಪ ಹಕ್ಕಳೆ ಕಟ್ಟಲೇ ಇಲ್ಲ. ಆದರೆ ಫಿಲ್ಮಿನ ಅಂಚಿನ ಸುತ್ತ ಅಂಟಿಗೆ ಕೆಂಪು ಗುಳ್ಳೆ ಎದ್ದು ತುರಿಸಿತು. ತೊಡೆ ಮಡಚುವ ಕಡೆ ಮೂಲೆ ಬಿಟ್ಟುಕೊಳ್ಳುತ್ತಿತ್ತು ಬೇರೆ. ಹಾಗೆ ಬಿಟ್ಟು ಒಳಗೆ ನೀರು ಹೋದರೆ ಸುಮ್ನೆ ಮತ್ತೆ ಒತ್ತಿ ಇಟ್ಟುಕೊಳ್ಳಬಾರದು, ತೆಗೆದುಬಿಡಬೇಕು. ಇಷ್ಟಾದರೂ ಸೊಂಟಕ್ಕೆ ನನ್ನ ಓಟು ಫಿಲ್ಮಿಗೇ. ಒಂದು ಚೂರನ್ನು ಮೊದಲೇ ಬೇರೆ ಕಡೆ ಅಂಟಿಸಿ ಚರ್ಮಕ್ಕೆ ಒಗ್ಗುತ್ತದಾ ನೋಡಿಕೊಳ್ಳಿ.

ನಿದ್ದೆ ವಿಷಯದಲ್ಲಿ ಮೂಳೆ ಗೆದ್ದಿತು, ಯಾಕೆಂದರೆ ನಾನು ಬಲಮಗ್ಗುಲಿಗೆ ಮಲಗುವ ಗಿರಾಕಿ. ಹೂವು ಹಾಕಿಸಿದ ಮೇಲೆ ಒಂದು ವಾರ ಸರಿಯಾಗಿ ನಿದ್ದೆಯೇ ಇಲ್ಲ. ತುರಿಕೆ ಎರಡೂ ಕಡೆ ಒಂದೇ ಥರ, ಉಗುರು ಹಾಕದೆ ಮೇಲಿಂದ ಮೆಲ್ಲಗೆ ತಟ್ಟಿಕೊಂಡೆ. ದಿನ ಕಳೆದಂತೆ ಕೆಂಪು ಇಳಿಯದೆ ಹರಡುತ್ತಾ ಹೋದರೆ, ಕೀವು ಅಥವಾ ಜ್ವರ ಬಂದರೆ ಮಾತ್ರ ತಟ್ಟುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಬಳ್ಳಿಯಲ್ಲಿ ಬಣ್ಣ ಹೋಗಿದ್ದ ಎರಡು ಎಲೆಗಳಿಗೆ ಆರು ವಾರ ಕಳೆದಮೇಲೆ ಟಚ್‌ಅಪ್ ಮಾಡಿಸಿದೆ. ಆ ಸಲ ಎಲಾಸ್ಟಿಕ್ ಸತ್ತುಹೋಗಿದ್ದ ಹಳೇ ಪೈಜಾಮದಲ್ಲೇ ಹೋದೆ, ಮುಂದಿನ ಹತ್ತು ದಿನ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದೆ.