ಅಪ್ಪನ ಅಡಿಕೆ ದುಡ್ಡು, ಬ್ಯಾಂಕಿನ ಸಾಲ: ಶಿರಸಿ ಕಡೆಯ ಗೃಹಸಾಲ ಸೇವೆ ಹೇಗಿದೆ?

ಅಂಕ: 5ಕ್ಕೆ 3.5. ಬಡ್ಡಿಯ ಬಗ್ಗೆ ದೂರಿಲ್ಲ. ತೊಡಕೆಲ್ಲ ಮನೆಯವರು ಕೊಡುವ ಹಣದ ಕಾಗದಪತ್ರದಲ್ಲಿ.

30 ಲಕ್ಷದವರೆಗಿನ ಸಾಲ ಮನೆ ಬೆಲೆಯ 90% ಮೀರುವಂತಿಲ್ಲ. ಅದರ ಮೇಲೆ 75 ಲಕ್ಷದವರೆಗೆ 80%. ಅಂದರೆ 40 ಲಕ್ಷದ ಮನೆಗೆ ಸಿಗುವುದು ಹೆಚ್ಚೆಂದರೆ 32. ಉಳಿದ 8 ಲಕ್ಷ ಮತ್ತು ನೋಂದಣಿ ಖರ್ಚು ಕೈಯಿಂದಲೇ. ಇಲ್ಲಿ ಅದು ಬಹುಪಾಲು ಅಪ್ಪನದೋ ಮಾವನದೋ.

ತಂದೆ-ತಾಯಿ, ಅತ್ತೆ-ಮಾವ ಕೊಟ್ಟ ಹಣಕ್ಕೆ ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಆದರೆ ನಗದು ಬೇಡ: ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅಪ್ಪ ಕೊಟ್ಟರೂ ಅಷ್ಟೆ. ಖಾತೆಯಿಂದ ಖಾತೆಗೆ ಹಾಕಿಸಿ, "ಮರಳಿಸಬೇಕಿಲ್ಲ" ಎಂಬ ಪತ್ರ ಬರೆಸಿ, ಅಡಿಕೆ ಮಾರಿದ ಬಿಲ್ಲು ಜೊತೆಗಿಡಿ. ಶಾಖೆಯವರು ಇದನ್ನು ಮೊದಲೇ ಹೇಳುವುದು ಅಪರೂಪ, ಅರ್ಧ ಅಂಕ ಅಲ್ಲಿಯೇ ಹೋಯಿತು.

ಹಣದ ಬದಲು ಜಾಗ ಕೊಟ್ಟರೆ ಇನ್ನೂ ನಿಧಾನ. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳೂ ಸೇರಿ ಹಕ್ಕುದಾರರೆಲ್ಲರ ಸಹಿ ಬೇಕು; ಮುಂಬೈಯಲ್ಲಿರುವ ಅಕ್ಕನದ್ದೂ. ಕೃಷಿ ಜಮೀನಾದರೆ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿರಬೇಕು. ಸೊಪ್ಪಿನ ಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು) ತೋರಿಸಿ ಸಾಲ ಕೇಳುವವರು ಈಗಲೂ ಇದ್ದಾರೆ, ಅದು ಸರ್ಕಾರದ ಜಾಗ ಮಾರಾಯ್ರೆ! ಕಾರವಾರ, ಕುಮಟಾದ ಕಡಲಂಚಿನಲ್ಲಾದರೆ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಮಿತಿಯನ್ನೂ ಮೊದಲೇ ನೋಡಿಕೊಳ್ಳಿ.

ಅಪ್ಪನನ್ನು ಸಹಸಾಲಗಾರ ಮಾಡಿದರೆ ಅವರ ವಯಸ್ಸು ನೋಡಿ ಅವಧಿ ಮೊಟಕಾಗಬಹುದು, ಕಂತು ಏರುತ್ತದೆ. ಮಗನ ಸಂಬಳ ಸಾಕಾದರೆ ಅಪ್ಪನಿಂದ ಹಣವಷ್ಟೇ ಪಡೆಯುವುದು ಲೇಸು.