ಮೋಟರ್‌ಹೋಮ್‌ನಲ್ಲಿ ಗ್ಯಾಸ್ ಲೀಕ್: ಸೋಪು ನೀರು, ಸ್ನಿಫರ್, ಮ್ಯಾನೋಮೀಟರ್ ಮೂರರಲ್ಲಿ ಯಾವುದು?

ಅಮೆರಿಕದಲ್ಲಿ ಮೋಟರ್‌ಹೋಮ್ (ಒಳಗೇ ಮನೆ ಮಾಡಿಕೊಂಡ ಗಾಡಿ) ಇಟ್ಟುಕೊಂಡವರು ಅದರಲ್ಲಿ ಉರಿಸುವ ಪ್ರೊಪೇನ್ ಗ್ಯಾಸಿನ ಲೀಕ್ ಪತ್ತೆಗೆ ಮೂರು ದಾರಿ ಹಿಡಿಯುತ್ತಾರೆ: ಸ್ಪ್ರೇ ಬಾಟಲಿಯಲ್ಲಿ ಸೋಪು ನೀರು, ಕೈಯಲ್ಲಿ ಹಿಡಿದು ಸುಳಿಸುವ ಎಲೆಕ್ಟ್ರಾನಿಕ್ ಸ್ನಿಫರ್, ಒತ್ತಡ ಅಳೆಯುವ ಮ್ಯಾನೋಮೀಟರ್. ಮೂರನ್ನೂ ನಮ್ಮ ಗಾಡಿಯ ಮೇಲೆಯೇ ಪ್ರಯೋಗ ಮಾಡಿ ನೋಡಿದ್ದೇನೆ. ನನ್ನ ಓಟು ಮ್ಯಾನೋಮೀಟರಿಗೆ. ಆದರೆ ಅದೊಂದನ್ನೇ ನೆಚ್ಚಿಕೊಂಡರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಮೂಗು ಸಾಲದೇ ಅಂತ ಕೇಳುವವರಿದ್ದಾರೆ. ಪ್ರೊಪೇನಿಗೆ ಸ್ವಂತ ವಾಸನೆ ಇಲ್ಲ, ನಾವು ಗುರುತಿಸುವ ಆ ಕೆಟ್ಟ ನಾತ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್‌ನದು. ಗ್ಯಾಸು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ನೆಲಕ್ಕಿಳಿದು ಕೂರುತ್ತದೆ. ನಮ್ಮ ಮೂಗು ಇರುವುದು ಐದಡಿ ಮೇಲೆ. ಅದರ ಜೊತೆಗೆ ಅಷ್ಟು ಇಕ್ಕಟ್ಟಿನಲ್ಲಿ ಇಂಗಿನ ಒಗ್ಗರಣೆ ಬಿದ್ದರೆ ಮುಂದಿನ ಅರ್ಧ ಗಂಟೆ ಮೂಗು ರಜೆ. ಗಾಳಿಯಲ್ಲಿ ಶೇ. 2.1ರಷ್ಟು ಪ್ರೊಪೇನ್ ಸೇರಿದರೆ ಕಿಡಿಗೆ ಹತ್ತಿಕೊಳ್ಳುತ್ತದೆ. ವಾಸನೆ ಬಂದಾಗ ಯಾವ ಸ್ವಿಚ್ಚೂ ಮುಟ್ಟದೆ ಹೊರಗೆ ಬಂದು ಟ್ಯಾಂಕ್ ಮುಚ್ಚುವುದಕ್ಕೆ ಮೂಗು ಬೇಕು. ಹುಡುಕುವ ಕೆಲಸಕ್ಕಲ್ಲ.

ನಮ್ಮದು ಕ್ಲಾಸ್ ಸಿ ಗಾಡಿ, ಅಂದರೆ ವ್ಯಾನಿನ ಚಾಸಿಸ್ ಮೇಲೆ ಕಟ್ಟಿದ ಮೋಟರ್‌ಹೋಮ್. ಟ್ಯಾಂಕ್ ಚಾಸಿಸ್‌ಗೆ ಬೋಲ್ಟ್ ಆಗಿದೆ, ಬಿಚ್ಚಿ ಒಯ್ಯುವಂಥದ್ದಲ್ಲ. ಗ್ಯಾಸ್ ತುಂಬಿಸಲು ಗಾಡಿಯನ್ನೇ ಓಡಿಸಿಕೊಂಡು ಹೋಗಬೇಕು. ಟ್ಯಾಂಕಿನ ಬಾಯಲ್ಲೇ ರೆಗ್ಯುಲೇಟರ್. ಅಲ್ಲಿಂದ ನೆಲದಡಿ ಕಪ್ಪು ಕಬ್ಬಿಣದ ಪೈಪು, ಅದರಿಂದ ಒಲೆ, ಹೀಟರ್, ಗೀಸರ್, ಫ್ರಿಜ್‌ಗೆ ತಾಮ್ರದ ಕವಲುಗಳು (ಫ್ರಿಜ್ಜೂ ಗ್ಯಾಸಿನಲ್ಲೇ ಓಡುವಂಥದ್ದು). 20 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಟ್ಯಾಂಕಿನೊಳಗೆ ನೂರು ಪಿಎಸ್ಐಗಿಂತ (ಚದರ ಇಂಚಿಗೆ ಪೌಂಡ್) ಹೆಚ್ಚು ಒತ್ತಡ ಇರುತ್ತದೆ. ರೆಗ್ಯುಲೇಟರ್ ದಾಟಿದ ಮೇಲೆ ಉಳಿಯುವುದು 11 ಇಂಚು ಎತ್ತರದ ನೀರು ಒತ್ತುವಷ್ಟು, ಅಂದರೆ ಅರ್ಧ ಪಿಎಸ್ಐಗಿಂತಲೂ ಕಡಿಮೆ. (ಊರಿನ 14.2 ಕೆಜಿ ಸಿಲಿಂಡರಿನ ರೆಗ್ಯುಲೇಟರ್ ಕೊಡುವುದೂ ಹೆಚ್ಚುಕಡಿಮೆ ಇಷ್ಟನ್ನೇ.) ಈ ಎರಡು ಒತ್ತಡಗಳ ವ್ಯತ್ಯಾಸ ತಲೆಯಲ್ಲಿಟ್ಟುಕೊಂಡರೆ ಯಾವ ಉಪಾಯ ಎಲ್ಲಿ ನಡೆಯುತ್ತದೆ ಅನ್ನುವುದು ತಾನಾಗಿ ತಿಳಿಯುತ್ತದೆ.

ಸೋಪು ನೀರು ನಮಗೆಲ್ಲ ಗೊತ್ತಿರುವುದೇ. ಖರ್ಚಿಲ್ಲ, ಸುಳ್ಳು ಹೇಳುವುದಿಲ್ಲ. ದೊಡ್ಡ ಲೀಕಾದರೆ ಗುಳ್ಳೆ ಎದ್ದೆದ್ದು ಒಡೆಯುತ್ತದೆ. ಸಣ್ಣದಾದರೆ ನಟ್ಟಿನ ಅಂಚಿನಲ್ಲಿ ಸಾಸಿವೆಯಷ್ಟು ನೊರೆ ಒಂದೇ ಕಡೆ ಮೆಲ್ಲಗೆ ಕಟ್ಟುತ್ತದೆ, ನೋಡಲು ಒಂದೆರಡು ನಿಮಿಷ ಟಾರ್ಚ್ ಹಿಡಿದು ಕಾಯಬೇಕು. ತೊಂದರೆ ಏನೆಂದರೆ, ಕೈ ಹೋಗದ ಜಾಗಕ್ಕೆ ಅದೂ ಹೋಗುವುದಿಲ್ಲ. ಚಳಿಗೆ ಹೆಪ್ಪುಗಟ್ಟುತ್ತದೆ. ಅಮೋನಿಯಾ ಇರುವ ಕ್ಲೀನರ್ ಬಳಸಬಾರದು, ಹಿತ್ತಾಳೆಯ ಜೋಡಣೆಗಳು ಕಾಲಕ್ರಮೇಣ ಸೀಳುತ್ತವೆ. ನಾನು ಅಂಗಡಿಯಲ್ಲಿ ಸಿಗುವ ಲೀಕ್ ಡಿಟೆಕ್ಷನ್ ದ್ರಾವಣವನ್ನೇ ಕೊಳ್ಳುತ್ತೇನೆ. ನೊರೆ ಗಟ್ಟಿಯಾಗಿ ನಿಲ್ಲುತ್ತದೆ, ನೆಟ್ಟಗಿನ ಪೈಪಿನಿಂದ ಜಾರಿಹೋಗುವುದಿಲ್ಲ.

ಸ್ನಿಫರ್ ಮೂವತ್ತು ನಲವತ್ತು ಡಾಲರಿಗೆ ಸಿಗುತ್ತದೆ, ಬಗ್ಗುವ ಕುತ್ತಿಗೆಯಿರುವುದರಿಂದ ಫ್ರಿಜ್ಜಿನ ಹಿಂದೆ, ಹೀಟರ್ ಪಕ್ಕ ಎಲ್ಲ ನುಗ್ಗುತ್ತದೆ. ಗ್ಯಾಸ್ ಕೆಳಗಿಳಿಯುವುದರಿಂದ ತುದಿಯನ್ನು ಜಾಯಿಂಟಿನ ಕೆಳಗೆ ಹಿಡಿಯಬೇಕು. ಆದರೆ ಇದರ ಬಾಯಿ ಬಹಳ. ಹ್ಯಾಂಡ್ ಸ್ಯಾನಿಟೈಸರ್ ಹಚ್ಚಿದ ಕೈ, ಅಂಟು, ಹೇರ್ ಸ್ಪ್ರೇ ಯಾವುದಕ್ಕಾದರೂ ಕಿರುಚುತ್ತದೆ. ಲೆಡ್ ಆಸಿಡ್ ಬ್ಯಾಟರಿ ಹೆಚ್ಚು ಚಾರ್ಜ್ ಆಗಿ ಹೊರಬಿಡುವ ಹೈಡ್ರೋಜನ್ನಿಗೂ ಅಷ್ಟೇ. ಹೊರಗೆ ಗಾಳಿ ಬೀಸುತ್ತಿದ್ದರೆ ನಿಜವಾದ ಲೀಕಿನ ಮುಂದೆಯೇ ಸುಮ್ಮನಿದ್ದುಬಿಡುತ್ತದೆ. ‘ಇಲ್ಲೆಲ್ಲೋ ಇದೆ’ ಅನ್ನುವ ಸುಳಿವಿನಾಚೆಗೆ ಅದರ ಮಾತನ್ನು ನಾನು ತೆಗೆದುಕೊಳ್ಳುವುದಿಲ್ಲ.

ಮ್ಯಾನೋಮೀಟರ್ ಅಂದರೆ ಜನ ಹೆದರುತ್ತಾರೆ. ಇರುವುದು ಇಷ್ಟೇ: ಯು ಆಕಾರಕ್ಕೆ ಬಗ್ಗಿಸಿದ ಪಾರದರ್ಶಕ ಕೊಳವೆ, ನಡುವೆ ಇಂಚು ಪಟ್ಟಿ, ಅರ್ಧದಷ್ಟು ನೀರು. ಕಣ್ಣಿಗೆ ಕಾಣಲೆಂದು ನಾನು ಒಂದು ತೊಟ್ಟು ಫುಡ್ ಕಲರ್ ಹಾಕುತ್ತೇನೆ. ಕಿಟಕಿ ತೆರೆದು, ಎಲ್ಲ ಉಪಕರಣ ಆರಿಸಿ, ಒಲೆಯ ಒಂದು ಬರ್ನರಿನ ಸಣ್ಣ ನಳಿಗೆಗೆ ಕೊಳವೆ ಸಿಕ್ಕಿಸಿ, ಆ ಬರ್ನರಿನ ನಾಬ್ ತಿರುವಿ ಟ್ಯಾಂಕ್ ತೆರೆದರೆ ಒಂದು ಬದಿಯ ನೀರು ಐದೂವರೆ ಇಂಚು ಇಳಿಯುತ್ತದೆ, ಇನ್ನೊಂದು ಬದಿಯದು ಅಷ್ಟೇ ಏರುತ್ತದೆ. ಎರಡರ ನಡುವಿನ ಅಂತರ ಓದಬೇಕು: 11. ಒಲೆಗೆ ಪ್ರತ್ಯೇಕ ರೆಗ್ಯುಲೇಟರ್ ಇದ್ದರೆ ಅದಕ್ಕೂ ಹಿಂದಿನ ಜಾಯಿಂಟಿಗೇ ಕೊಳವೆ ಸೇರಿಸಬೇಕು, ನಮ್ಮದರಲ್ಲಿ ಇಲ್ಲ.

ಇನ್ನು ಟ್ಯಾಂಕ್ ಮುಚ್ಚಿ, ಇನ್ನೊಂದು ಬರ್ನರ್ ಚೂರೇ ತೆರೆದು ಅಂತರವನ್ನು 8ಕ್ಕೆ ಇಳಿಸಿ, ಮುಚ್ಚಿ, ಐದು ನಿಮಿಷ ಕಾಯುವುದು. 11ರಲ್ಲೇ ಬಿಟ್ಟರೆ ವಾಲ್ವಿಗೂ ರೆಗ್ಯುಲೇಟರಿಗೂ ನಡುವೆ ಸಿಕ್ಕಿಕೊಂಡ ಹೆಚ್ಚಿನ ಒತ್ತಡದ ಗ್ಯಾಸು ಮೆಲ್ಲಗೆ ಒಳಗೆ ಬಂದು ಲೀಕನ್ನು ಮುಚ್ಚಿಹಾಕುತ್ತದೆ. ನೀರು ಕದಲದಿದ್ದರೆ ಲೈನ್ ಸರಿ ಇದೆ. ಅಂತರ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ. ಏರಿದರೆ ಇನ್ನೂ ಸ್ವಾರಸ್ಯ: ಪೈಪಿನ ಮೇಲೆ ಬಿಸಿಲು ಬಿದ್ದಿಲ್ಲವಾದರೆ ಟ್ಯಾಂಕಿನ ವಾಲ್ವ್ ಮುಚ್ಚಿದರೂ ಮುಚ್ಚುತ್ತಿಲ್ಲ ಅಂತ ಅರ್ಥ. ಈ ಮಾಹಿತಿಯನ್ನು ಸೋಪೂ ಕೊಡಲಾರದು, ಸ್ನಿಫರ್ರೂ ಕೊಡಲಾರದು. ರೆಗ್ಯುಲೇಟರಿನ ಆರೋಗ್ಯವೂ ಇಲ್ಲೇ ತಿಳಿಯುತ್ತದೆ. ಟ್ಯಾಂಕ್ ತೆರೆದಿದ್ದು ಎಲ್ಲ ಉಪಕರಣ ಆಫ್ ಇರುವಾಗ ಅಂತರ 14 ದಾಟಿತೋ, ರೆಗ್ಯುಲೇಟರ್ ಬದಲಿಸಿ. ಅದನ್ನು ಬಿಚ್ಚಿ ರಿಪೇರಿ ಮಾಡುವ ಮಾತೇ ಇಲ್ಲ.

ಉಟಾ ರಾಜ್ಯದ ಮಣ್ಣು ರಸ್ತೆಗಳಲ್ಲಿ ಕುಲುಕಿ ಬಂದ ನಂತರ ನಮ್ಮ ಗಾಡಿಯಲ್ಲಿ ಅಂತರ ಸ್ಪಷ್ಟವಾಗಿ ಇಳಿಯತೊಡಗಿತು. ಒಳಗಿನ ಗ್ಯಾಸ್ ಅಲಾರಂ ಸುಮ್ಮನಿತ್ತು, ವಾಸನೆಯೂ ಇರಲಿಲ್ಲ, ಕಾರಣ ಸೋರುತ್ತಿದ್ದದ್ದು ಫ್ರಿಜ್ಜಿನ ಹಿಂದೆ, ಹೊರಗೋಡೆಯ ಜಾಲರಿಯಿಂದ ಗ್ಯಾಸು ಹೊರಗೇ ಹೋಗುತ್ತಿತ್ತು. ಟ್ಯಾಂಕ್ ಮತ್ತೆ ತೆರೆದು ಜಾಲರಿ ತೆಗೆದು ನೋಡಿದಾಗ ಸ್ನಿಫರ್ ಆ ಮೂಲೆ ತೋರಿಸಿತು, ಯಾವ ನಟ್ಟು ಎಂದು ಹೇಳಲಿಲ್ಲ. ಸೋಪು ಹೇಳಿತು: ತಾಮ್ರದ ಪೈಪಿನ ಅಗಲಿಸಿದ ತುದಿಯನ್ನು ಬಿಗಿಹಿಡಿಯುವ ಫ್ಲೇರ್ ನಟ್. ಗ್ಯಾಸ್ ಬಂದ್ ಮಾಡಿ, ಎರಡು ಸ್ಪ್ಯಾನರ್ ಹಿಡಿದು (ಒಂದು ತಿರುವಲು, ಇನ್ನೊಂದು ಪೈಪು ತಿರುಚದಂತೆ ತಡೆಯಲು) ಸ್ವಲ್ಪ ಬಿಗಿ ಮಾಡಿದ್ದಾಯಿತು. ಫ್ಲೇರ್ ಜಾಯಿಂಟಿಗೆ ಟೇಪ್ ಸುತ್ತುವವರನ್ನು ನೋಡಿದ್ದೇನೆ. ಅಲ್ಲಿ ಗ್ಯಾಸ್ ತಡೆಯುವುದು ನಟ್ಟಿನ ಥ್ರೆಡ್ ಅಲ್ಲ, ಲೋಹಕ್ಕೆ ಲೋಹ ಒತ್ತಿ ಕೂರುವ ಅಂಚು. ಮತ್ತೆ ಮ್ಯಾನೋಮೀಟರ್ ಹಾಕಿ, ನೀರು ನಿಂತಲ್ಲೇ ನಿಂತ ಮೇಲೆಯೇ ಗ್ಯಾಸ್ ಆನ್.

ಮ್ಯಾನೋಮೀಟರ್ ಸೋಲುವುದು ಒಂದೇ ಕಡೆ, ಟ್ಯಾಂಕಿನ ಬಾಯಲ್ಲಿ. ವಾಲ್ವಿನ ಕಾಂಡ, ತುಂಬುವ ಬಾಯಿ, ಶೇ. 80 ತುಂಬಿದ್ದು ತೋರಿಸುವ ಸಣ್ಣ ಬ್ಲೀಡರ್ ಸ್ಕ್ರೂ, ಇವೆಲ್ಲ ಪೂರ್ಣ ಒತ್ತಡದ ಜಾಗ, ಅದರ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಸೋಪೇ ಗತಿ. ಗುಳ್ಳೆ ಬಂದರೆ ನಾವು ಕೈಹಾಕುವಂತಿಲ್ಲ. ಪ್ರೊಪೇನ್ ಕೆಲಸಕ್ಕೆ ಲೈಸೆನ್ಸ್ ಇರುವವರೇ ಬೇಕು, ಬೆಸುಗೆಯ ಮಾತಂತೂ ಎತ್ತಲೇಬಾರದು.

ಹಾಗಾಗಿ ಕೊಳ್ಳುವುದಾದರೆ ಮೊದಲು ದ್ರಾವಣದ ಬಾಟಲಿ, ಆಮೇಲೆ ಯು ಕೊಳವೆ. ಸ್ನಿಫರ್ ಇಲ್ಲದಿದ್ದರೂ ನಡೆಯುತ್ತದೆ, ಸಮಯ ಹೆಚ್ಚು ಹಿಡಿಯುತ್ತದೆ ಅಷ್ಟೇ. ಇದೆಲ್ಲ ನಮಗ್ಯಾಕೆ, ಮೆಕ್ಯಾನಿಕ್ ಕರೆಸುತ್ತೇವೆ ಅನ್ನುವವರು ಫೋನಿನಲ್ಲೇ ಕೇಳಿಬಿಡಿ, ಮ್ಯಾನೋಮೀಟರ್ ತರುತ್ತೀರಾ ಅಂತ. ಬರೀ ಸ್ನಿಫರ್ ಸುಳಿಸಿ ಎಲ್ಲ ಸರಿಯಿದೆ ಎಂದು ಬಿಲ್ ಕೊಡುವವರೂ ಇದ್ದಾರೆ.